ಹತ್ತಿ ಬಂದ ದಾರಿ ಎಲ್ಲಿದ್ದು?

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಅಂತ ನಮ್ಮಲ್ಲೊಂದು ಗಾದೆ ಇದೆ. ಅದನ್ನು ನಾವು ಬಳಸೋದು ಪಕ್ಕದ ಕಂಪನಿಯ ಸಂಬಳದ ಬಗ್ಗೆ, ಅಮೆರಿಕಕ್ಕೆ ಹೋದ ಗೆಳೆಯನ ಬಗ್ಗೆ. ಆದರೆ ನಿಸರ್ಗದ ಚಿತ್ರಗಳ ಬಗ್ಗೆ ಕನ್ನಡದಲ್ಲಿರುವ ಅತಿ ಚಿಕ್ಕ ವಿಮರ್ಶೆಯೂ ಇದೇ ಅಂತ ನನಗನ್ನಿಸುತ್ತದೆ. ಬೆಟ್ಟದ ಚಿತ್ರ ಬರೆಯುವವನು ಮೊದಲು ಮಾಡುವ ಕೆಲಸ ದೂರ ಹೋಗಿ ನಿಲ್ಲುವುದು. ದೂರ ನಿಂತ ಕೂಡಲೇ ಮುಳ್ಳು, ಉಂಬಳ, ಜಾರುವ ಬಂಡೆ, ಕಡಿದ ಮರದ ಬೊಡ್ಡೆ ಎಲ್ಲ ಮಾಯವಾಗಿ ಒಂದು ನೀಲಿ ಗೆರೆ ಉಳಿಯುತ್ತದೆ. ಆ ಗೆರೆಗೆ ಯಾವ ಅರ್ಥ ಬೇಕಾದರೂ ಹಚ್ಚಬಹುದು. ದೇವರು, ರಾಜ, ಮೋಕ್ಷ, ಸ್ಥಿರತೆ. ಈಗಿನ ಕಾಲದಲ್ಲಾದರೆ ಪ್ರಮೋಷನ್ನು.

ಹಾಗಾಗಿ ಚಿತ್ರದಲ್ಲಿ ಬೆಟ್ಟ ಯಾವುದರ ಸಂಕೇತ ಅಂತ ನೇರವಾಗಿ ಕೇಳಿದರೆ ಹತ್ತು ಜನರಿಂದ ಹತ್ತು ಉತ್ತರ ಬರುತ್ತದೆ. ನಾನು ಬೇರೆ ಪ್ರಶ್ನೆ ಕೇಳಿಕೊಳ್ಳುತ್ತೇನೆ. ಈ ಚಿತ್ರದಲ್ಲಿ ಮನುಷ್ಯನನ್ನು ಎಲ್ಲಿ ನಿಲ್ಲಿಸಿದ್ದಾರೆ? ತುದಿಯಲ್ಲೋ, ಬುಡದಲ್ಲೋ, ಅಥವಾ ಪೂರ್ತಿ ಹೊರಗೇ ಹಾಕಿದ್ದಾರೋ? ಬೆಟ್ಟದ ಅರ್ಥ ಅಲ್ಲಿಂದ ಶುರುವಾಗುತ್ತದೆ.

ಮೊದಲು ಎಲ್ಲರಿಗೂ ಗೊತ್ತಿರುವ ಚಿತ್ರ ತೆಗೆದುಕೊಳ್ಳೋಣ. ಜರ್ಮನಿಯ ಕಾಸ್ಪರ್ ಡೇವಿಡ್ ಫ್ರೀಡ್ರಿಶ್ ಸುಮಾರು 1818ರಲ್ಲಿ ಬರೆದ 'ಮಂಜಿನ ಕಡಲ ಮೇಲಿನ ಅಲೆಮಾರಿ'. ಹೆಸರು ಗೊತ್ತಿಲ್ಲದಿದ್ದರೂ ಚಿತ್ರ ನೋಡಿರುತ್ತೀರಿ. ಕಪ್ಪು ಬಂಡೆಯ ತುದಿಯಲ್ಲಿ ಕಡು ಹಸಿರು ಕೋಟಿನ ಒಬ್ಬ ಮನುಷ್ಯ, ಕೈಯಲ್ಲಿ ಊರುಗೋಲು, ನಮಗೆ ಬೆನ್ನು ಹಾಕಿ ನಿಂತಿದ್ದಾನೆ. ಗಾಳಿಗೆ ಕೂದಲು ಕೆದರಿದೆ. ಎದುರಿಗೆ ಮಂಜು, ಮಂಜಿನಿಂದ ತಲೆ ಎತ್ತಿದ ಬಂಡೆಗಳು, ಅದರಾಚೆ ಬೆಟ್ಟಗಳು. ಮೂಲ ಚಿತ್ರ ಹ್ಯಾಂಬರ್ಗಿನ ಮ್ಯೂಸಿಯಮ್ಮಿನಲ್ಲಿದೆ, ಒಂದು ಮೀಟರಿಗಿಂತ ಕಡಿಮೆ ಎತ್ತರದ ಕ್ಯಾನ್ವಾಸು. ನಕಲುಗಳು ಮಾತ್ರ ಜಗತ್ತಿನ ತುಂಬ ಇವೆ. ನಾನು ಹಿಂದೆ ಕೆಲಸ ಮಾಡುತ್ತಿದ್ದ ಒಂದು ಆಫೀಸಿನ ಮೀಟಿಂಗ್ ರೂಮಿನಲ್ಲೂ ಇತ್ತು, ಕೆಳಗೆ ದಪ್ಪ ಅಕ್ಷರದಲ್ಲಿ 'ಲೀಡರ್‌ಶಿಪ್' ಅಂತ ಬರೆದುಕೊಂಡು. ಅದರ ಎದುರು ಕೂತು ನಾವು ಡೆಡ್‌ಲೈನ್ ಮುಂದೂಡುತ್ತಿದ್ದೆವು.

ಫ್ರೀಡ್ರಿಶ್‌ಗೆ ಈ ಪೋಸ್ಟರ್ ತೋರಿಸಿದ್ದರೆ ಏನನ್ನುತ್ತಿದ್ದನೋ. ಅವನ ಮಟ್ಟಿಗೆ ಬೆಟ್ಟ ಅಂದರೆ ದೇವರಿಗೆ ಹತ್ತಿರದ ಜಾಗ. 1808ರಲ್ಲಿ ಅವನು ಬೆಟ್ಟದ ತುದಿಯಲ್ಲಿ ಶಿಲುಬೆ ನಿಂತಿರುವ ಒಂದು ಚಿತ್ರ ಬರೆದು, ಚರ್ಚಿನ ಪೂಜಾಪೀಠದ ಚಿತ್ರಕ್ಕೆ ಹಾಕುವಂಥ ಚೌಕಟ್ಟು ಹಾಕಿಸಿದ. ಮರುವರ್ಷವೇ ರಾಮ್‌ಡೋರ್ ಅನ್ನುವ ವಿಮರ್ಶಕ ಹರಿಹಾಯ್ದ. ಬೆಟ್ಟ, ಮರಗಳ ಚಿತ್ರ ಪೂಜಾಪೀಠಕ್ಕೆ ಏರೋದು ಅಂದರೇನು, ಇದು ಅಧಿಕಪ್ರಸಂಗ ಅನ್ನೋದು ಅವನ ತಕರಾರು. ಅದಕ್ಕೆ ಫ್ರೀಡ್ರಿಶ್ ತನ್ನ ಚಿತ್ರದ ಅರ್ಥವನ್ನು ತಾನೇ ಬಿಡಿಸಿ ಹೇಳಿದ. ಅಲುಗದ ಬಂಡೆ ಅಂದರೆ ನಂಬಿಕೆ, ಯಾವಾಗಲೂ ಹಸಿರಾಗಿರುವ ಫರ್ ಮರಗಳು ಅಂದರೆ ಭರವಸೆ. ಹೀಗೆ ಕೋಡ್‌ಗೆ ಕಮೆಂಟ್ ಬರೆದ ಹಾಗೆ ಕಲಾವಿದನೇ ವಿವರಣೆ ಬರೆದುಕೊಟ್ಟಿರುವುದು ಅಪರೂಪ.

ಅಲೆಮಾರಿಗೆ ಅಂಥ ವಿವರಣೆ ಇಲ್ಲ. ಎಲ್ಬೆ ನದಿಯ ಮರಳುಗಲ್ಲಿನ ಬೆಟ್ಟಗಳಲ್ಲಿ ಬೇರೆ ಬೇರೆ ಕಡೆ ಮಾಡಿಕೊಂಡ ಸ್ಕೆಚ್‌ಗಳನ್ನು ಸ್ಟುಡಿಯೋದಲ್ಲಿ ಜೋಡಿಸಿ ಬರೆದದ್ದು ಅನ್ನೋದು ಗೊತ್ತು. ಅಂದರೆ ಅವನು ನಿಂತ ಜಾಗ ಯಾವ ನಕ್ಷೆಯಲ್ಲೂ ಸಿಗುವುದಿಲ್ಲ. ಆ ಕೋಟು, ಆ ನಿಲುವು ನೋಡಿ ಇದು ನೆಪೋಲಿಯನ್ ವಿರುದ್ಧದ ಯುದ್ಧದಲ್ಲಿ ಸತ್ತವನೊಬ್ಬನ ನೆನಪಿನ ಚಿತ್ರ ಇರಬಹುದು ಅಂತ ಓದಿದ ಕಲಾ ಇತಿಹಾಸಕಾರರೂ ಇದ್ದಾರೆ. ಅದು ಸರಿಯಿದ್ದರೆ ನಮ್ಮ ಮೀಟಿಂಗ್ ರೂಮಿನಲ್ಲಿ ಲೀಡರ್‌ಶಿಪ್ ಕಲಿಸುತ್ತಿದ್ದದ್ದು ಒಬ್ಬ ತೀರಿಕೊಂಡ ಮನುಷ್ಯ!

ಆದರೂ ತಪ್ಪೆಲ್ಲ ಪೋಸ್ಟರ್ ಮಾಡಿದವನ ತಲೆಗೆ ಕಟ್ಟುವುದು ನ್ಯಾಯವಲ್ಲ. ಚಿತ್ರವನ್ನೇ ಗಮನಿಸಿ ನೋಡಿ. ಆ ಮನುಷ್ಯ ಸರಿಯಾಗಿ ಮಧ್ಯದಲ್ಲಿದ್ದಾನೆ. ಎಡ ಬಲದ ಬೆಟ್ಟಗಳ ಇಳಿಜಾರು ಹೆಚ್ಚುಕಡಿಮೆ ಅವನ ಎದೆಯ ಹತ್ತಿರವೇ ಬಂದು ಸೇರುತ್ತದೆ. ಅವನ ತಲೆ ಎಲ್ಲದಕ್ಕಿಂತ ಮೇಲೆ, ಬರೀ ಆಕಾಶದ ಎದುರಿಗೆ. ದೇವರನ್ನು ಹುಡುಕಿಕೊಂಡು ಬಂದವನೇ ಇರಬಹುದು, ಆದರೆ ಇಡೀ ಭೂಮಿ ಅವನ ಸುತ್ತ ಅಂಗಿಯ ಹಾಗೆ ಹೊಲಿದುಕೊಂಡಿದೆ. ಇಂಥ ಜೋಡಣೆಯಿಂದ ದೇವರನ್ನು ತೆಗೆದು ಅಲ್ಲಿ 'ಸಕ್ಸೆಸ್' ಇಡೋದು ಕಷ್ಟವಲ್ಲ. ಇನ್ನೂರು ವರ್ಷದಲ್ಲಿ ಆದದ್ದು ಅದೇ.

ಇದೇ ಚಿತ್ರದ ಒಂದು ಪ್ರಿಂಟ್ ನಾನೂ ಆನ್‌ಲೈನಿನಲ್ಲಿ ತರಿಸಿ ಫ್ಲ್ಯಾಟಿನ ಹಾಲಿನಲ್ಲಿ ಹಾಕಿದ್ದೆ. ಊರಿಂದ ಆಯಿ ಬಂದಾಗ ಅದರ ಎದುರು ಸುಮಾರು ಹೊತ್ತು ನಿಂತಳು. ನಮ್ಮದು ಶಿರಸಿ ಸೀಮೆಯ ಅಡಿಕೆ ತೋಟದ ಊರು. ಅಲ್ಲಿ ಬೆಟ್ಟ ಅಂದರೆ ಸೊಪ್ಪಿನ ಬೆಟ್ಟ. ತೋಟಕ್ಕೆ ಹಾಕುವ ಸೊಪ್ಪು, ಕೊಟ್ಟಿಗೆಗೆ ಹಾಸುವ ತರಗೆಲೆ, ಒಲೆಗೆ ಕಟ್ಟಿಗೆ ಎಲ್ಲ ಬರುವ ಜಾಗ. ಯಾವ ತೋಟಕ್ಕೆ ಯಾವ ಬೆಟ್ಟ ಅನ್ನೋದು ಸರ್ಕಾರಿ ದಾಖಲೆಯಲ್ಲೇ ಇರುತ್ತದೆ. ಆಯಿ ಮೂವತ್ತು ವರ್ಷ ತಲೆ ಮೇಲೆ ಸೊಪ್ಪಿನ ಹೊರೆ ಹೊತ್ತು ಆ ಬೆಟ್ಟ ಇಳಿದವಳು. ಅವಳು ಕೇಳಿದ್ದು ಎರಡೇ ಪ್ರಶ್ನೆ.

"ತಮಾ, ಇಂವ ಹತ್ತಿ ಬಂದ ದಾರಿ ಎಲ್ಲಿದ್ದು?"

ಇಲ್ಲ ಅಂದೆ. ಹಾಗಾದರೆ ಇಳಿಯೋದು ಹೇಗೆ ಅಂತ ಕೇಳಿ ಒಳಗೆ ಹೋಗಿ ಚಾಕ್ಕೆ ನೀರಿಟ್ಟಳು.

ಇದನ್ನು ಹಳ್ಳಿಯವರ ಮುಗ್ಧತೆ ಅಂತ ನಗಬಹುದು. ಆದರೆ ಸುಮಾರು 950 ವರ್ಷಗಳ ಹಿಂದೆ ಚೀನಾದ ಅರಮನೆಯಲ್ಲಿದ್ದ ಒಬ್ಬ ಚಿತ್ರಕಾರ ಹೆಚ್ಚುಕಡಿಮೆ ಇದೇ ಮಾತನ್ನು ಕಲೆಯ ಅಳತೆಗೋಲಾಗಿ ಇಟ್ಟಿದ್ದ. ಅವನ ಹೆಸರು ಗುವೊ ಶಿ, ಸಾಂಗ್ ರಾಜವಂಶದ ಷೆನ್‌ಜೊಂಗ್ ಚಕ್ರವರ್ತಿಯ ಆಸ್ಥಾನದವನು. ಅವನ ಮಾತುಗಳನ್ನು ಮಗ ಗುವೊ ಸಿ ಬರೆದಿಟ್ಟಿದ್ದಾನೆ. ಅದರ ಪ್ರಕಾರ ಚಿತ್ರದ ಬೆಟ್ಟಗಳು ನಾಲ್ಕು ಬಗೆ: ನಡೆದು ಹೋಗಬಹುದಾದವು, ನಿಂತು ನೋಡಬಹುದಾದವು, ಸುತ್ತಾಡಬಹುದಾದವು, ವಾಸ ಮಾಡಬಹುದಾದವು. ಮೊದಲ ಎರಡಕ್ಕಿಂತ ಕೊನೆಯ ಎರಡು ಮೇಲು. ನಿಜವಾದ ಬೆಟ್ಟಗಳಲ್ಲಿ ನೂರಾರು ಹರದಾರಿ ತಿರುಗಿದರೂ ಇರಲು ಯೋಗ್ಯವಾದ ಜಾಗ ಅರ್ಧದಷ್ಟೂ ಸಿಗುವುದಿಲ್ಲ, ಅದಕ್ಕೇ ಚಿತ್ರಕಾರ ಅಂಥದ್ದನ್ನು ಹುಡುಕಿ ಬರೆಯಬೇಕು ಅನ್ನೋದು ಅವನ ವಾದ. ಚೀನಿ ಭಾಷೆಯಲ್ಲಿ ನಿಸರ್ಗದ ಚಿತ್ರಕ್ಕೆ ಇರುವ ಹೆಸರೇ 'ಶಾನ್ ಶುಯಿ', ಅಂದರೆ ಬೆಟ್ಟ ಮತ್ತು ನೀರು. ನೀರಿಲ್ಲದ ಕಡೆ ಸಂಸಾರ ಹೂಡಲು ಬರುವುದಿಲ್ಲವಲ್ಲ.

ಗುವೊ ಶಿ ಈ ಚಿತ್ರಗಳು ಯಾರಿಗಾಗಿ ಅನ್ನೋದನ್ನೂ ಹೇಳಿದ್ದಾನೆ. ಬೆಟ್ಟಕ್ಕೆ ಹೋಗಿ ಇರಬೇಕು ಅಂತ ಆಸೆ, ಆದರೆ ರಾಜನ ಕೆಲಸ, ಮನೆಯ ಜವಾಬ್ದಾರಿ ಬಿಟ್ಟು ಹೋಗಲಾಗದವರು. ಅಂಥವರು ಕೂತಲ್ಲೇ ಬೆಟ್ಟದಲ್ಲಿದ್ದ ಸುಖ ಪಡಲಿ ಅಂತ ಈ ಚಿತ್ರ. ಓದಿದಾಗ ನಗು ಬಂತು. ಸಂಬಳದ ನೌಕರ ಎಲ್ಲ ಕಾಲದಲ್ಲೂ ಒಂದೇ. ಅವನು ರೇಷ್ಮೆಯ ಸುರುಳಿ ಬಿಚ್ಚಿಕೊಂಡು ಕೂರುತ್ತಿದ್ದ, ನಾವು ಶುಕ್ರವಾರ ಸಂಜೆ ಸಕಲೇಶಪುರದ ಹೋಂಸ್ಟೇ ಫೋಟೋ ನೋಡುತ್ತ ಕೂರುತ್ತೇವೆ.

ಅವನ 1072ರ ಚಿತ್ರ 'ವಸಂತದ ಮೊದಲು' ಈಗ ತೈಪೆಯ ಅರಮನೆ ಮ್ಯೂಸಿಯಮ್ಮಿನಲ್ಲಿದೆ. ನಡುವಿನ ಶಿಖರ ಹೊಗೆಯ ಹಾಗೆ ಸುರುಳಿ ಸುತ್ತಿಕೊಂಡು ಮೇಲೇಳುತ್ತದೆ. ಇದಕ್ಕೂ ಸಂಕೇತ ಇದೆ. ದೊಡ್ಡ ಶಿಖರ ದೊರೆಯಿದ್ದಂತೆ, ಸುತ್ತಲಿನವು ಓಲಗಕ್ಕೆ ಬಂದ ಸಾಮಂತರಂತೆ ಅಂತ ಗುವೊ ಶಿಯೇ ಹೇಳುತ್ತಾನೆ. ಆಸ್ಥಾನದ ಕಲಾವಿದ, ಅನ್ನ ಹಾಕಿದವನನ್ನು ಹೊಗಳಲೇಬೇಕು. ಆದರೆ ಚಿತ್ರದ ಕೆಳಗೆ ನೋಡಿ. ನೀರಿನಂಚಿನಲ್ಲಿ ದೋಣಿಯ ಜನ, ಬಂಡೆಗಳ ನಡುವಿನ ದಾರಿಯಲ್ಲಿ ಪಯಣಿಗರು, ಮೇಲೆ ಕಣಿವೆಯ ಸಂದಿಯಲ್ಲಿ ಕಟ್ಟಡಗಳ ಮಾಡು. ರಾಜನ ಸಂಕೇತ ಅಂತ ಹೇಳಿಕೊಂಡರೂ ಬೆಟ್ಟವನ್ನು ಆತ ಊರಾಗಿಯೇ ಉಳಿಸಿದ. ಮುಂದೆ ಅರಮನೆಯ ರುಚಿ ಬದಲಾದ ಮೇಲೆ ಗುವೊ ಶಿಯ ಚಿತ್ರಗಳನ್ನು ಗೋಡೆಯಿಂದ ಇಳಿಸಿದರಂತೆ. ಕೆಲಸಗಾರನೊಬ್ಬ ಅವನು ಬರೆದ ರೇಷ್ಮೆ ಬಟ್ಟೆಯಲ್ಲಿ ಒರೆಸುತ್ತಿದ್ದುದನ್ನು ತನ್ನ ತಂದೆ ಕಂಡಿದ್ದರು ಅಂತ ಡೆಂಗ್ ಚುನ್ ಅನ್ನುವ ಬರಹಗಾರ ದಾಖಲಿಸಿದ್ದಾನೆ. ರಾಜನ ಸಂಕೇತಕ್ಕೆ ಅಷ್ಟೇ ಆಯುಸ್ಸು. ದೋಣಿಯಿಂದಿಳಿದವರು ಮಾತ್ರ ನಮಗೆ ಇವತ್ತೂ ಅರ್ಥವಾಗುತ್ತಾರೆ.

ಹಾಗಾದರೆ ಬೆಟ್ಟದ ಚಿತ್ರಕ್ಕೆ ನಾಲ್ಕು ಜನರನ್ನು ಸೇರಿಸಿಬಿಟ್ಟರೆ ಅದು ಒಳ್ಳೆಯದಾಗುತ್ತದೆಯೇ ಅಂತ ನೀವು ಕೇಳಬಹುದು. ಇಲ್ಲ. ಆ ಜನಕ್ಕೆ ಅಲ್ಲಿ ಮಾಡಲು ಏನಾದರೂ ಕೆಲಸ ಇರಬೇಕು. ಇದನ್ನು ಜಪಾನಿನ ಹೊಕುಸಾಯ್‌ನಷ್ಟು ಚೆನ್ನಾಗಿ ತಿಳಿದವರು ಕಡಿಮೆ. 1830ರ ಆಸುಪಾಸಿನಲ್ಲಿ, ತನಗೆ ಎಪ್ಪತ್ತು ವಯಸ್ಸಾಗಿದ್ದಾಗ, ಅವನು 'ಫುಜಿ ಬೆಟ್ಟದ ಮೂವತ್ತಾರು ನೋಟಗಳು' ಅನ್ನುವ ಮರದಚ್ಚಿನ ಚಿತ್ರಮಾಲೆ ಶುರುಮಾಡಿದ. ಜನ ಮುಗಿಬಿದ್ದು ಕೊಂಡಿದ್ದಕ್ಕೆ ಇನ್ನೂ ಹತ್ತು ಸೇರಿ ಒಟ್ಟು 46 ಆದವು. ಫುಜಿ ಅಂದರೆ ಅಲ್ಲಿ ಪೂಜೆಯ ಬೆಟ್ಟ. ಅದನ್ನು ಹತ್ತಿ ಬರಲೆಂದೇ ಭಕ್ತರ ಸಂಘಗಳಿದ್ದವು. ಆದರೆ ಈ ಮಾಲೆಯ ಒಂದು ಚಿತ್ರದಲ್ಲಿ ಏನಿದೆ ಗೊತ್ತೇ? ಒಬ್ಬ ಬಡಗಿ ತಳವಿಲ್ಲದ ದೊಡ್ಡ ಮರದ ಪೀಪಾಯಿಯೊಳಗೆ ಹೊಕ್ಕು ಕೀಸುತ್ತಿದ್ದಾನೆ. ಪೀಪಾಯಿಯ ಆ ದೊಡ್ಡ ವೃತ್ತದ ಒಳಗಿಂದ, ಗದ್ದೆಗಳಾಚೆ, ಫುಜಿ ಒಂದು ಪುಟ್ಟ ತ್ರಿಕೋನವಾಗಿ ಕಾಣುತ್ತದೆ. ಬಡಗಿಗೆ ಅದನ್ನು ನೋಡಲು ಪುರಸೊತ್ತಿಲ್ಲ.

ಬೆಟ್ಟದ ಬುಡದಲ್ಲಿ ಬೆಳೆದವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ನಮ್ಮೂರಲ್ಲಿ ಯಾರೂ ಬೆಟ್ಟದ ಕಡೆ ತಿರುಗಿ ನಿಂತು ಆಹಾ ಅನ್ನುವುದಿಲ್ಲ. ಮಳೆ ಬಂತೇ ಅಂತ ನೋಡುತ್ತಾರೆ, ದನ ಬಂತೇ ಅಂತ ನೋಡುತ್ತಾರೆ. ಅದು ಅಲ್ಲಿದೆ ಅನ್ನೋದು ಬೆನ್ನಿಗೇ ಗೊತ್ತಿರುತ್ತದೆ. ಹೊಕುಸಾಯ್ ಫುಜಿಯನ್ನು ಅಷ್ಟು ಚಿಕ್ಕದು ಮಾಡಿದರೂ ಅದನ್ನು ತೆಗೆದುಬಿಟ್ಟರೆ ಇಡೀ ಚಿತ್ರ ಕುಸಿಯುತ್ತದೆ. ಪೂಜೆಯ ಬೆಟ್ಟ ಹೀಗೂ ಇರಬಹುದು, ಕೆಲಸದ ನಡುವೆ.

ನಮ್ಮ ಗೋವರ್ಧನದ ಕತೆಯೂ ಇದೇ ಅಲ್ಲವೇ? ಇಂದ್ರನಿಗೆ ಯಾಕೆ ಪೂಜೆ, ನಾವು ದನ ಕಾಯುವವರು, ನಮ್ಮನ್ನು ಸಾಕುವುದು ಈ ಬೆಟ್ಟ, ಈ ಕಾಡು ಅಂತ ಕೃಷ್ಣ ವಾದ ಮಾಡುತ್ತಾನೆ. ಅಕ್ಬರನ ಕಾಲದಲ್ಲಿ, 1590ರ ಸುಮಾರಿಗೆ, ಪರ್ಷಿಯನ್ ಭಾಷೆಯ ಹರಿವಂಶದ ಹಸ್ತಪ್ರತಿಗೆ ಬರೆದ ಒಂದು ಗೋವರ್ಧನ ಚಿತ್ರ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿದೆ. ಮಿಸ್ಕಿನ್ ಅನ್ನುವ ಕಲಾವಿದನದು ಅಂತ ಗುರುತಿಸಿದ್ದಾರೆ. ಬೆಟ್ಟ ಅಲ್ಲಿ ಬಣ್ಣಬಣ್ಣದ ಬಂಡೆಗಳ ಒಂದು ದೊಡ್ಡ ಮಾಡು. ಅದರ ಕೆಳಗೆ ಹೆಂಗಸರು, ಮಕ್ಕಳು, ಮುದುಕರು, ದನಗಳು ಒತ್ತಿಕೊಂಡು ನಿಂತಿದ್ದಾರೆ. ಹಳೇಬೀಡಿನ ಗೋಡೆಯ ಮೇಲಿನ ಗೋವರ್ಧನದಲ್ಲೂ ಬೆಟ್ಟದ ತುಂಬ ಮರ, ಪ್ರಾಣಿಗಳು. ದೇವರ ಮಹಿಮೆಯ ಸಂಕೇತವೇ ಸರಿ, ಆದರೆ ಆ ಮಹಿಮೆ ಗೊತ್ತಾಗುವುದು ಕೆಳಗೆ ನಿಂತ ದನಗಳಿಂದ.

ಈಗ ಬೆಂಗಳೂರಿಗೇ ಬರೋಣ. ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿನಲ್ಲಿ ರೋರಿಕ್ ಗ್ಯಾಲರಿ ಇದೆ. ರಷ್ಯಾದಲ್ಲಿ ಹುಟ್ಟಿದ ನಿಕೊಲಾಯ್ ರೋರಿಕ್ 1920ರ ದಶಕದ ಕೊನೆಗೆ ಕುಲು ಕಣಿವೆಯ ನಗ್ಗರ್‌ನಲ್ಲಿ ನೆಲೆಸಿ 1947ರಲ್ಲಿ ಸಾಯುವವರೆಗೂ ಹಿಮಾಲಯವನ್ನು ಬರೆದವರು. ಮಗ ಸ್ವೆತೊಸ್ಲಾವ್ ರೋರಿಕ್, ನಟಿ ದೇವಿಕಾ ರಾಣಿಯನ್ನು ಮದುವೆಯಾಗಿ ಕನಕಪುರ ರಸ್ತೆಯ ತಾತಗುಣಿ ಎಸ್ಟೇಟಿನಲ್ಲಿ ಬಾಳಿದವರು. ಹಾಗಾಗಿ ಹಿಮಾಲಯದ ಈ ಬಣ್ಣಗಳು ನಮ್ಮ ಊರಿಗೆ ಬಂದು ಸೇರಿವೆ. ಇನ್ನೂ ನೋಡಿಲ್ಲದಿದ್ದರೆ ಒಂದು ಶನಿವಾರ ಖಂಡಿತ ಹೋಗಿ ನೋಡಿ.

ತಂದೆ ರೋರಿಕ್ ಅವರ ಬಣ್ಣಕ್ಕೆ ನಾನು ಪ್ರತಿ ಸಲವೂ ಸೋಲುತ್ತೇನೆ. ಟೆಂಪೆರಾದ ಆ ನೀಲಿ, ನೇರಳೆ, ಗುಲಾಬಿ, ಹೊಳಪಿಲ್ಲದೆಯೂ ಒಳಗಿಂದ ಬೆಳಗುವ ಹಿಮ. ಶಿಖರಗಳನ್ನು ಅವರು ಕತ್ತರಿಯಲ್ಲಿ ಕತ್ತರಿಸಿ ಅಂಟಿಸಿದಂತೆ, ಪದರ ಪದರವಾಗಿ ಇಡುತ್ತಾರೆ. ಅವರ ಬೆಟ್ಟ ಬಹಳ ಮಟ್ಟಿಗೆ ಅಧ್ಯಾತ್ಮದ ಬಾಗಿಲು. ಮನುಷ್ಯರು ಬಂದರೂ ಹೆಚ್ಚಾಗಿ ಗುರು, ಸಾಧಕ, ಒಂಟಿ ಪಯಣಿಗ. ಇಪ್ಪತ್ತು ವರ್ಷ ಹತ್ತಿರ ಅಲ್ಲೇ ಮನೆ ಮಾಡಿಕೊಂಡಿದ್ದವರ ಚಿತ್ರಗಳಲ್ಲಿ ನಾನು ಕುಲುವಿನ ಕುರಿ ಕಾಯುವವನನ್ನು, ಹುಲ್ಲಿನ ಹೊರೆ ಹೊತ್ತ ಹೆಂಗಸನ್ನು ಹುಡುಕುತ್ತ ನಿಲ್ಲುತ್ತೇನೆ. ಹಿಮರೇಖೆಯ ಮೇಲೆ ಯಾರೂ ವಾಸ ಮಾಡುವುದಿಲ್ಲ, ಅಲ್ಲಿ ಊರನ್ನು ಹುಡುಕುವುದು ಅನ್ಯಾಯ ಅಂತ ಯಾರಾದರೂ ಹೇಳಿದರೆ ಒಪ್ಪುತ್ತೇನೆ. ಆದರೂ ಗುವೊ ಶಿಯ ಲೆಕ್ಕದಲ್ಲಿ ಇವು ನಿಂತು ನೋಡುವ ಬೆಟ್ಟಗಳು. ಅಷ್ಟು ಚೆಂದ ನಿಂತು ನೋಡುವ ಬೆಟ್ಟಗಳು ಬೇರೆ ಕಡೆ ಸಿಗೋದು ಕಷ್ಟ, ಅದೂ ನಿಜ.

ತೊಂದರೆ ಆಗೋದು ಆ ಶ್ರದ್ಧೆಯೂ ಹೋಗಿ ಬರೀ ಖಾಲಿತನ ಉಳಿದಾಗ. ಜನವರಿಯಲ್ಲಿ ಅದೇ ರಸ್ತೆಯಲ್ಲಿ ಚಿತ್ರಸಂತೆ ನಡೆಯುತ್ತದಲ್ಲ, ಅಲ್ಲಿ ಬೆಟ್ಟದ ಚಿತ್ರಗಳಿಗೆ ಬರವಿಲ್ಲ. ಹೆಚ್ಚಿನವುಗಳಲ್ಲಿ ಒಂದು ಸರೋವರ, ಸರೋವರದಲ್ಲಿ ಬೆಟ್ಟದ ಪ್ರತಿಬಿಂಬ, ಬೇಲಿ ಇಲ್ಲ, ಬಟ್ಟೆ ಒಗೆಯುವವರಿಲ್ಲ. ಸೋಫಾದ ಬಣ್ಣಕ್ಕೆ ಹೊಂದುತ್ತದೆ. ನಮ್ಮ ಲ್ಯಾಪ್‌ಟಾಪ್‌ಗಳೂ ಅಷ್ಟೇ. ಆಪಲ್‌ನವರು ಮ್ಯಾಕ್‌ಗೆ ಯೊಸೆಮಿಟಿ, ಎಲ್ ಕ್ಯಾಪಿಟನ್, ಸಿಯೆರಾ ಅಂತ ಸಾಲಾಗಿ ಬೆಟ್ಟಸೀಮೆಯ ಹೆಸರಿಟ್ಟು ಅವೇ ಫೋಟೋ ಹಾಕಿ ಕೊಟ್ಟರು. ಅದಕ್ಕೂ ಮುಂಚೆ ವಿಂಡೋಸ್ ಎಕ್ಸ್‌ಪಿಯ ಹಸಿರು ದಿಣ್ಣೆ ನೆನಪಿದೆಯೇ? ನನ್ನ ಓರಗೆಯವರಲ್ಲಿ ಎಷ್ಟೋ ಜನ ಕಾಲೇಜಿನ ಲ್ಯಾಬಿನಲ್ಲಿ ಮೊದಲು ಕಂಡ 'ನಿಸರ್ಗಚಿತ್ರ' ಅದು. ಮೇಲೆ ನೀಲಿ ಆಕಾಶ, ಕೆಳಗೆ ಹುಲ್ಲು, ಒಂದು ಪ್ರಾಣಿಯೂ ಇಲ್ಲ.

ಅದು 1996ರಲ್ಲಿ ಕ್ಯಾಲಿಫೋರ್ನಿಯಾದ ಸೊನೋಮಾದಲ್ಲಿ ತೆಗೆದ ಫೋಟೋ. ಅಲ್ಲಿ ಮೊದಲು ಇದ್ದದ್ದು ದ್ರಾಕ್ಷಿ ತೋಟ. ಫಿಲಾಕ್ಸೆರಾ ಅನ್ನುವ ಕೀಟ ಬೇರಿಗೆ ಬಿದ್ದು ಬಳ್ಳಿಗಳನ್ನು ಕಿತ್ತು ಹಾಕಬೇಕಾಯಿತು. ಆ ಜಾಗದಲ್ಲಿ ಹುಲ್ಲು ಬೆಳೆಯಿತು. ನಾವೆಲ್ಲ ವರ್ಷಗಟ್ಟಲೆ ನೆಮ್ಮದಿಯ ಸಂಕೇತ ಅಂತ ನೋಡಿದ್ದು ಬೆಳೆ ಹೋದ ಒಬ್ಬ ರೈತನ ಹೊಲ. ಆ ಚಿತ್ರದ ಹೆಸರು 'ಬ್ಲಿಸ್', ಆನಂದ! ನಮ್ಮಲ್ಲಿ ಕೊಳೆರೋಗ ಬಂದ ವರ್ಷ ಅಡಿಕೆ ಮರದ ಬುಡದಲ್ಲೂ ಹುಲ್ಲು ಹಸಿರಾಗಿಯೇ ಇರುತ್ತದೆ.

ಇದರಿಂದ ಏನಾಗುತ್ತದೆ ಅಂದರೆ, ಖಾಲಿ ಬೆಟ್ಟ ನೋಡಿ ನೋಡಿ ಕಣ್ಣಿಗೆ ರೂಢಿಯಾದವರಿಗೆ ನಿಜವಾದ ಬೆಟ್ಟದ ಮೇಲಿನ ಮನುಷ್ಯ ಅಡ್ಡ ಬಂದಂತೆ ಕಾಣುತ್ತಾನೆ. ಟ್ರೆಕ್ಕಿಂಗಿಗೆ ಬಂದವರು ಫೋಟೋದಲ್ಲಿ ಬರುತ್ತದೆ ಅಂತ ದನ ಅಟ್ಟುವುದನ್ನು ನಾನು ನೋಡಿದ್ದೇನೆ. ಸೊಪ್ಪು ತರುವ ಕಾಲುದಾರಿಗೆ ಗೇಟು ಬಿದ್ದು 'ವ್ಯೂ ಪಾಯಿಂಟ್' ಬೋರ್ಡು ಬಂದಿರುವುದನ್ನೂ ನೋಡಿದ್ದೇನೆ. ಆ ಬೋರ್ಡು ಹಾಕಿಸಿದವನ ಮೇಲೂ ಸಿಟ್ಟು ಬರೋದಿಲ್ಲ, ಗಿರಾಕಿ ಕೇಳಿದ್ದನ್ನು ಅವನು ಮಾರುತ್ತಾನೆ. ಕೇಳುವ ಕಣ್ಣನ್ನು ತಯಾರು ಮಾಡಿದ್ದರಲ್ಲಿ ನಮ್ಮ ಗೋಡೆಯ ಚಿತ್ರಗಳದ್ದೂ ಪಾಲಿದೆ.

ಆದ್ದರಿಂದ ಮನೆಗೊಂದು ಬೆಟ್ಟದ ಚಿತ್ರ ಬೇಕು ಅಂತ ಕೇಳುವ ಗೆಳೆಯರಿಗೆ ನಾನು ಹೇಳೋದು ಫಾನ್ ಕ್ವಾನ್ ಹೆಸರು. ಗುವೊ ಶಿಗಿಂತ ಹಿರಿಯ, ಕ್ರಿ.ಶ. 1000ದ ಆಸುಪಾಸಿನವನು. ಅವನ 'ಬೆಟ್ಟ ತೊರೆಗಳ ನಡುವೆ ಪಯಣಿಗರು' ಕೂಡ ತೈಪೆಯಲ್ಲೇ ಇದೆ. ಎರಡು ಮೀಟರಿಗೂ ಎತ್ತರದ ರೇಷ್ಮೆ, ಮಸಿಯ ಕೆಲಸ. ಅದರ ಮೂರರಲ್ಲಿ ಎರಡು ಭಾಗ ಒಂದೇ ಒಂದು ಬೆಟ್ಟ, ಗೋಡೆಯ ಹಾಗೆ ನಿಂತಿದೆ. ಬಲಗಡೆಯ ಸೀಳಿನಲ್ಲಿ ದಾರದಷ್ಟು ತೆಳ್ಳಗೆ ಒಂದು ಜಲಪಾತ. ಬುಡದಲ್ಲಿ ಮಂಜು. ಇಷ್ಟೇ ಇದ್ದಿದ್ದರೆ ಎದೆ ನಡುಗಿಸುವ ಚಿತ್ರ ಅಂತ ಬಿಟ್ಟುಬಿಡಬಹುದಿತ್ತು. ಆದರೆ ಮಂಜಿನ ಕೆಳಗೆ, ಮರಗಳ ಮರೆಯಲ್ಲಿ ದೇವಾಲಯದ ಮಾಡು ಕಾಣುತ್ತದೆ. ಇನ್ನೂ ಕೆಳಗೆ, ಬಲ ಮೂಲೆಯ ಹತ್ತಿರ, ಒಂದು ದಾರಿ. ಆ ದಾರಿಯಲ್ಲಿ ಹೊರೆ ಹೊತ್ತ ಹೇಸರಗತ್ತೆಗಳ ಸಣ್ಣ ಸಾಲು, ಅವನ್ನು ಹೊಡೆದುಕೊಂಡು ಹೋಗುವವರು. ಬೆಟ್ಟದ ಎದುರು ಅವರು ಇರುವೆಯಷ್ಟು. ಆದರೂ ಬೆಟ್ಟ ಅವರನ್ನು ತುಳಿಯುವುದಿಲ್ಲ. ಕತ್ತಲಾಗುವುದರೊಳಗೆ ಮುಟ್ಟಬೇಕಾದ ಊರು ಅವರಿಗೆ ಇದೆ.

ಈ ಚಿತ್ರದಲ್ಲಿ ಕಲಾವಿದನ ಸಹಿ ಇದೆ ಅನ್ನೋದು ಶತಮಾನಗಳ ಕಾಲ ಯಾರ ಗಮನಕ್ಕೂ ಬಂದಿರಲಿಲ್ಲ. 1958ರಲ್ಲಿ ಮ್ಯೂಸಿಯಮ್ಮಿನ ಲಿ ಲಿನ್‌ಸಾನ್ ಅದನ್ನು ಪತ್ತೆ ಹಚ್ಚಿದರು. ಅಷ್ಟು ದೊಡ್ಡ ಬೆಟ್ಟ ಬರೆದವನು ತನ್ನ ಹೆಸರನ್ನು ಶಿಖರದ ಹತ್ತಿರ ಎಲ್ಲೂ ಬರೆದಿರಲಿಲ್ಲ. ಅದು ಕೆಳಗೆ, ದಾರಿಯ ಪಕ್ಕ, ಹೇಸರಗತ್ತೆಗಳ ಹಿಂದಿನ ಎಲೆಗಳ ನಡುವೆ ಇತ್ತು.